ಕಾಫಿ ಕೂಟದ ರೆಕಾರ್ಡು

ಮಗಳ ಬಾಣಂತನಕ್ಕೆಂದು ನನ್ನ ಹೆಂಡತಿ ಅಮೆರಿಕದ ಓಹಾಯೋ ರಾಜ್ಯಕ್ಕೆ ಹೊರಟಾಗ ಅವಳ ಸಾಮಾನುಗಳ ಜೊತೆ ನಾನೂ ಹೋದೆ. ಕನ್ನಡ ಮೇಷ್ಟ್ರಾಗಿ ನಿವೃತ್ತನಾದವನಿಗೆ ಅಲ್ಲಿ ಹೇಳಿಕೊಳ್ಳುವಂಥ ಕೆಲಸವೇನೂ ಇರಲಿಲ್ಲ. ಬೆಳಿಗ್ಗೆ ಬೀದಿಯ ಆ ತುದಿಯಿಂದ ಈ ತುದಿಗೆ ನಡೆಯುವುದು, ಪಕ್ಕದ ಮನೆಯವರು ಹೊರಗಿದ್ದರೆ ನಿಂತು ನಾಲ್ಕು ಮಾತಾಡುವುದು. ಅವರು ಕಾರ್ಖಾನೆಯೊಂದರಲ್ಲಿ ಯಂತ್ರಗಳ ರಿಪೇರಿ ಮಾಡಿಕೊಂಡಿದ್ದು ನಿವೃತ್ತರಾದವರು, ಎಪ್ಪತ್ತು ದಾಟಿದವರು. ಎರಡೂ ಮೊಣಕಾಲಿಗೆ ಆಪರೇಷನ್ ಆಗಿತ್ತು. ಎರಡರ ಖರ್ಚನ್ನೂ ಬಹುಪಾಲು ಭರಿಸಿದ್ದು ಮೆಡಿಕೇರ್, ಅಂದರೆ ಅರವತ್ತೈದು ದಾಟಿದವರಿಗಾಗಿ ಅಲ್ಲಿನ ಕೇಂದ್ರ ಸರ್ಕಾರ ನಡೆಸುವ ಆರೋಗ್ಯ ವಿಮೆ. ಇದನ್ನು ಸಂತೋಷದಿಂದ ಹೇಳಿದವರು ಅದರ ಬೆನ್ನಿಗೇ ಒಬಾಮಾಕೇರನ್ನು ಬಯ್ಯತೊಡಗಿದರು. ನನಗೂ ನನ್ನ ಡಾಕ್ಟರಿಗೂ ನಡುವೆ ಸರ್ಕಾರಕ್ಕೇನು ಕೆಲಸ ಎಂಬುದು ಅವರ ಪ್ರಶ್ನೆ.

ರಾತ್ರಿ ಊಟದ ಹೊತ್ತಿಗೆ ಇದನ್ನು ತಮಾಷೆಯಾಗಿ ಹೇಳಿದೆ. ಎಲ್ಲರೂ ನಕ್ಕರು. ಅಳಿಯ ಮಾತ್ರ, ‘ಮಾವ, ಬೆಳಿಗ್ಗೆ ಮಂಜಿನ ಮೇಲೆ ಹುಷಾರು. ನಿಮ್ಮ ಟ್ರಾವೆಲ್ ಇನ್ಶೂರೆನ್ಸ್ ನಂಬಿಕೊಂಡು ಇಲ್ಲಿ ಜಾರಿ ಬೀಳೋ ಹಾಗಿಲ್ಲ’ ಅಂದ. ಮಲಗುವಾಗ ನನ್ನ ನಗು ನನಗೇ ಸರಿಕಾಣಲಿಲ್ಲ. ಕತೆಯೊಂದರಲ್ಲಿ ಪಾತ್ರ ತನಗೆ ತಾನೇ ವಿರುದ್ಧವಾಗಿ ಮಾತಾಡಿದರೆ ಕತೆ ಅಲ್ಲಿಂದ ಶುರುವಾಗುತ್ತದೆ, ಅಲ್ಲಿ ನಗಬೇಡಿ, ಕಿವಿಗೊಡಿ ಎಂದು ಮೂವತ್ತು ವರ್ಷ ಹುಡುಗರಿಗೆ ಹೇಳಿದವನು ನಾನು. ಕಣ್ಣೆದುರು ಅಂಥ ಮನುಷ್ಯ ಸಿಕ್ಕಾಗ ಮೊದಲು ನಕ್ಕವನೂ ನಾನೇ. ಉಳಿದ ತಿಂಗಳುಗಳಲ್ಲಿ ಆ ಮನುಷ್ಯನ ಮಾತಿನ ಹಿಂದಿರುವ ಮಾತುಗಳನ್ನು ಹುಡುಕಿ ಓದಿದೆ, ಕೇಳಿದೆ. ಈ ಬರಹ ಆ ಓದಿನದು. ಅಮೆರಿಕದ ಆರೋಗ್ಯ ನೀತಿಯ ಬಗ್ಗೆ ತೀರ್ಪು ಕೊಡುವ ಯೋಗ್ಯತೆ ನನಗಿಲ್ಲ. ಅದರ ಬಗ್ಗೆ ಅಲ್ಲಿನ ಕನ್ಸರ್ವೇಟಿವ್‌ಗಳು ಆಡಿದ ಮಾತನ್ನು ಮಾತಾಗಿ ಓದುವುದಷ್ಟೇ ನನಗೆ ಗೊತ್ತಿರುವ ಕಸುಬು.

ಮೊದಲ ತೊಡಕು ಆ ಪದದ್ದೇ. ‘ಕನ್ಸರ್ವೇಟಿವ್’ ಅನ್ನುವುದಕ್ಕೆ ನಮ್ಮ ಪತ್ರಿಕೆಗಳು ‘ಸಂಪ್ರದಾಯವಾದಿ’ ಎಂದು ಬರೆಯುತ್ತವೆ. ಆ ಪದ ಕಿವಿಗೆ ಬಿದ್ದರೆ ಕನ್ನಡದ ಓದುಗನಿಗೆ ಕಾಣುವುದು ಮಡಿ ಮೈಲಿಗೆ, ‘ಸಂಸ್ಕಾರ’ದ ದೂರ್ವಾಸಪುರ. ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ಇದಕ್ಕಿಂತ ಖಾರವಾದ ಇನ್ನೊಂದು ಪದವಿತ್ತು, ‘ಪ್ರತಿಗಾಮಿ’. ಬಂಡಾಯದ ದಿನಗಳಲ್ಲಿ ಅದೊಂದನ್ನು ಅಂಟಿಸಿಬಿಟ್ಟರೆ ಆ ಲೇಖಕನನ್ನು ಓದುವ ಶ್ರಮ ಉಳಿಯುತ್ತಿತ್ತು. ನಾನೂ ಸಾಕಷ್ಟು ಶ್ರಮ ಉಳಿಸಿಕೊಂಡಿದ್ದೇನೆ. ಆದರೆ ನನ್ನ ನೆರೆಯವರ ಮಾತಿಗೆ ಈ ಎರಡು ಪದಗಳೂ ಹೊಂದುವುದಿಲ್ಲ. ಆರೋಗ್ಯ ವಿಮೆಯ ವಿಷಯದಲ್ಲಿ ಅಮೆರಿಕದ ಕನ್ಸರ್ವೇಟಿವ್ ಅನ್ನಿಸಿಕೊಳ್ಳುವ ಮಾತಿನಲ್ಲಿ ಮೂರು ಬೇರೆ ಬೇರೆ ದನಿಗಳು ಬೆರೆತಿವೆ ಅನ್ನಿಸುತ್ತದೆ. ಸರ್ಕಾರದ ಕೈ ಉದ್ದವಾಗುವುದರ ಭಯ ಒಂದು. ಕೊಳ್ಳುವವನೂ ಮಾರುವವನೂ ನೇರವಾಗಿ ಎದುರಾದರೆ ಬೆಲೆ ತಾನಾಗಿ ಸರಿಹೋಗುತ್ತದೆಂಬ ಮಾರುಕಟ್ಟೆಯ ನಂಬಿಕೆ ಇನ್ನೊಂದು. ಮೂರನೆಯದು ಇವೆರಡಕ್ಕಿಂತ ಹಳೆಯದು: ಇರುವುದನ್ನು, ಜನ ಒಗ್ಗಿಕೊಂಡಿರುವುದನ್ನು, ಅವಸರದಲ್ಲಿ ಕೀಳಬೇಡಿ ಎಂಬ ಹಿಂಜರಿಕೆ. ಮೂರೂ ಒಂದೇ ಬಾಯಿಂದ ಬರುವುದರಿಂದ ಒಂದೇ ಮಾತೆಂದು ಕೇಳಿಸುತ್ತದೆ. ಆಡುವವರಿಗೂ ಹಾಗೇ ಕೇಳಿಸಿರಬೇಕು.

ಮೊದಲ ದನಿಯ ಅತ್ಯುತ್ತಮ ಕೃತಿ ಪುಸ್ತಕವಲ್ಲ, ಒಂದು ಗ್ರಾಮಫೋನ್ ರೆಕಾರ್ಡು. 1961ರಲ್ಲಿ ಅಮೆರಿಕದ ವೈದ್ಯರ ಸಂಘ ಅದನ್ನು ಹೊರತಂದಿತು. ಮುದುಕರ ಆಸ್ಪತ್ರೆ ಖರ್ಚನ್ನು ಸಾಮಾಜಿಕ ಭದ್ರತೆಯ ಯೋಜನೆಗೆ ಸೇರಿಸುವ ಕಿಂಗ್–ಆಂಡರ್ಸನ್ ಮಸೂದೆ ಆಗ ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನ ಮುಂದಿತ್ತು. ಅದನ್ನು ತಡೆಯಲು ವೈದ್ಯರ ಸಂಘ ಹೂಡಿದ ಉಪಾಯಕ್ಕೆ ‘ಆಪರೇಷನ್ ಕಾಫಿ ಕಪ್’ ಎಂದು ಹೆಸರು. ವೈದ್ಯರ ಹೆಂಡತಿಯರು ನೆರೆಹೊರೆಯ ಹೆಂಗಸರನ್ನು ಕಾಫಿಗೆ ಕರೆಯಬೇಕು, ಕಾಫಿ ಕುಡಿಯುತ್ತ ರೆಕಾರ್ಡು ಹಾಕಬೇಕು, ಮುಗಿದ ಮೇಲೆ ಎಲ್ಲರೂ ಅಲ್ಲೇ ಕೂತು ತಮ್ಮ ಕಾಂಗ್ರೆಸ್ ಸದಸ್ಯರಿಗೆ ಕಾಗದ ಬರೆಯಬೇಕು. ಕಾಗದಗಳು ಯಾರೂ ಹೇಳಿಕೊಡದೆ ತಾವಾಗಿಯೇ ಬರೆದಂತಿರಬೇಕು. ರೆಕಾರ್ಡಿನಲ್ಲಿ ಮಾತಾಡಿದವನು ಆಗ ಟೆಲಿವಿಷನ್ನಿನಲ್ಲಿ ಒಂದು ಕಾರ್ಯಕ್ರಮ ನಡೆಸಿಕೊಡುತ್ತಿದ್ದ ಸಿನಿಮಾ ನಟ ರೊನಾಲ್ಡ್ ರೇಗನ್. ಆ ವರ್ಷ ಅವನಿನ್ನೂ ರಿಪಬ್ಲಿಕನ್ ಪಕ್ಷಕ್ಕೂ ಸೇರಿರಲಿಲ್ಲ.

ಭಾಷಣ ಸುಮಾರು ಹತ್ತು ನಿಮಿಷದ್ದು. ನಾನದನ್ನು ಐದಾರು ಸಲ ಕೇಳಿದೆ. ಕೂಗಾಟವಿಲ್ಲ. ಪಕ್ಕದ ಕುರ್ಚಿಯಲ್ಲಿ ಕೂತವನ ದನಿ. ಮುದುಕರಿಗೆ ಕಾಯಿಲೆಯೇ ಇಲ್ಲ ಎಂದು ಅವನು ಹೇಳುವುದಿಲ್ಲ, ಬಡವರು ಸಾಯಲಿ ಎಂದೂ ಹೇಳುವುದಿಲ್ಲ. ನಿಜವಾಗಿ ಕಷ್ಟದಲ್ಲಿರುವ ವೃದ್ಧರಿಗೆ ರಾಜ್ಯಗಳ ಮೂಲಕ ನೆರವು ಕೊಡುವ ಕಾನೂನು ಹಿಂದಿನ ವರ್ಷ ತಾನೇ ಬಂದಿದೆ, ಅದು ಕೆಲಸ ಮಾಡಲು ಬಿಡಿ ಅನ್ನುತ್ತಾನೆ. ಇಷ್ಟಾದ ಮೇಲೆ ಮೆಟ್ಟಿಲು ಶುರು. ಜನರ ಮೇಲೆ ಸಮಾಜವಾದವನ್ನು ಹೇರಲು ಔಷಧಿಯ ದಾರಿ ಸಲೀಸು, ಕರುಣೆಯ ಕೆಲಸಕ್ಕೆ ಬೇಡ ಅನ್ನುವವರು ಯಾರು? ಇವತ್ತು ಮುದುಕರಿಗೆ ಅಂದದ್ದು ನಾಳೆ ಎಲ್ಲರಿಗೂ ಅನ್ನುತ್ತದೆ. ಒಬ್ಬ ಡಾಕ್ಟರು ಇಂಥ ಊರಿನಲ್ಲಿ ವೃತ್ತಿ ಮಾಡುತ್ತೇನೆ ಅಂದರೆ ಅಲ್ಲಿ ಸಾಕಷ್ಟು ಜನ ಇದ್ದಾರೆ, ಬೇರೆ ಕಡೆ ಹೋಗು ಎಂದು ಸರ್ಕಾರ ಹೇಳುತ್ತದೆ. ಡಾಕ್ಟರಿಗೆ ಹೇಳಿದ್ದು ಉಳಿದ ಕಸುಬಿನವರಿಗೂ ಬರುತ್ತದೆ. ಕೊನೆಗೆ ನಿಮ್ಮ ಮಗ ಏನು ಓದಬೇಕು, ಎಲ್ಲಿ ದುಡಿಯಬೇಕು ಅನ್ನುವುದನ್ನೂ ಸರ್ಕಾರವೇ ತೀರ್ಮಾನಿಸುತ್ತದೆ. ಒಂದೊಂದು ಮೆಟ್ಟಿಲೂ ಚಿಕ್ಕದು. ಕಾಫಿ ಆರುವುದರೊಳಗೆ ಕೇಳುಗಳು ಆಸ್ಪತ್ರೆಯ ಬಿಲ್ಲಿನಿಂದ ಗುಲಾಮಗಿರಿಗೆ ಬಂದಿರುತ್ತಾಳೆ, ಎಲ್ಲಿ ಎಡವಿದೆ ಎಂದು ಅವಳಿಗೆ ತಿಳಿಯುವುದಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಕೊನೆಯ ಭಾಗ. ನೀವು ಕಾಗದ ಬರೆಯದಿದ್ದರೆ, ನಾನೂ ಬರೆಯದಿದ್ದರೆ, ಮುಪ್ಪಿನಲ್ಲಿ ನಾವು ಮಕ್ಕಳನ್ನೂ ಮೊಮ್ಮಕ್ಕಳನ್ನೂ ಕೂರಿಸಿಕೊಂಡು ಒಂದಾನೊಂದು ಕಾಲದಲ್ಲಿ ಅಮೆರಿಕದ ಮನುಷ್ಯರು ಸ್ವತಂತ್ರರಾಗಿದ್ದರು ಎಂದು ಕತೆ ಹೇಳಬೇಕಾಗುತ್ತದೆ ಅನ್ನುವ ಅರ್ಥದಲ್ಲಿ ಮುಗಿಸುತ್ತಾನೆ. ಇದು ವಾದವಲ್ಲ, ಇದಕ್ಕೆ ಉತ್ತರ ಕೊಡಲು ಬರುವುದಿಲ್ಲ. ಇನ್ನೂ ನಡೆಯದ ಮುಂದಿನ ಕಾಲವನ್ನು ಅಜ್ಜಿ ಕತೆಯ ಹಿಂದಿನ ಕಾಲವಾಗಿ ತಿರುಗಿಸಿ, ಈಗ ಕೈಯಲ್ಲಿರುವುದರ ಬಗ್ಗೆ ಈಗಲೇ ಹಂಬಲ ಹುಟ್ಟಿಸುವುದು. ಕಳೆದುಕೊಳ್ಳುವ ಮೊದಲೇ ಕಳೆದುಕೊಂಡ ದುಃಖ. ಭಾವಗೀತೆ ಬರೆಯುವವರಿಗೂ ಸುಲಭಕ್ಕೆ ಸಿಗದ ಈ ಕಾಲದ ಆಟವನ್ನು ಒಬ್ಬ ನಟ ವೈದ್ಯರ ಸಂಘದ ಪ್ರಚಾರಕ್ಕಾಗಿ ಆಡಿದ್ದಾನೆ. ಮುಂದಿನ ಅರವತ್ತು ವರ್ಷ ಅಮೆರಿಕದ ಕನ್ಸರ್ವೇಟಿವ್ ರಾಜಕಾರಣಿಗಳು ಆರೋಗ್ಯದ ಬಗ್ಗೆ ಮಾತಾಡಿದಾಗಲೆಲ್ಲ ಈ ರಾಗವನ್ನೇ ಹಾಡಿದ್ದಾರೆ, ಬಹುತೇಕ ಇವನಿಗಿಂತ ಕೆಟ್ಟದಾಗಿ.

ಆ ನೆನಪಿನ ಒಳಗೆ ಯಾರಿದ್ದಾರೆ ಎಂದು ಕೇಳದೆ ಮುಂದೆ ಹೋಗುವುದು ಸರಿಯಲ್ಲ. 1961ರಲ್ಲಿ ದಕ್ಷಿಣದ ಎಷ್ಟೋ ಆಸ್ಪತ್ರೆಗಳಲ್ಲಿ ಕಪ್ಪು ಜನರಿಗೆ ಬೇರೆ ವಾರ್ಡು, ಕೆಲವು ಕಡೆ ಬಾಗಿಲೇ ಇಲ್ಲ. ಅವರು ಮೊಮ್ಮಕ್ಕಳಿಗೆ ಆ ಸ್ವಾತಂತ್ರ್ಯದ ಕತೆಯನ್ನು ಹೇಗೆ ಹೇಳಬೇಕಿತ್ತು? 1965ರ ಜುಲೈ 30ರಂದು ಅಧ್ಯಕ್ಷ ಜಾನ್ಸನ್ ಮೆಡಿಕೇರ್ ಕಾನೂನಿಗೆ ಸಹಿ ಹಾಕಿದ. ಮರುವರ್ಷ ಅದು ಜಾರಿಗೆ ಬರುವಾಗ, ಮೆಡಿಕೇರ್ ದುಡ್ಡು ಬೇಕಿದ್ದರೆ ಆಸ್ಪತ್ರೆ ಜನಾಂಗ ಭೇದ ಬಿಡಬೇಕು ಎಂಬ ಷರತ್ತು ಬಂತು. ಕೆಲವೇ ತಿಂಗಳಲ್ಲಿ ದಕ್ಷಿಣದ ನೂರಾರು ಆಸ್ಪತ್ರೆಗಳು ವಾರ್ಡುಗಳ ನಡುವಿನ ಗೋಡೆ ತೆಗೆದವು. ರೆಕಾರ್ಡು ಹೆದರಿಸಿದ್ದ ಸರ್ಕಾರದ ಕೈ ಹೀಗೂ ಕೆಲಸ ಮಾಡಿತು. ಡಾಕ್ಟರು ಯಾವ ಊರಿನಲ್ಲಿರಬೇಕು ಎಂದು ಹೇಳುವ ಮೆಟ್ಟಿಲು ಮಾತ್ರ ಬರಲೇ ಇಲ್ಲ.

ಆ ನಟ ಅಧ್ಯಕ್ಷನಾದ. 1986ರಲ್ಲಿ, ತುರ್ತು ಸ್ಥಿತಿಯಲ್ಲಿ ಬಾಗಿಲಿಗೆ ಬಂದ ರೋಗಿಯನ್ನು ದುಡ್ಡಿಲ್ಲವೆಂದು ಆಸ್ಪತ್ರೆ ಹೊರಗೆ ಕಳಿಸುವಂತಿಲ್ಲ ಎಂಬ ಕಾನೂನಿಗೆ ಸಹಿ ಹಾಕಿದವನು ಅವನೇ. 1988ರಲ್ಲಿ ಮೆಡಿಕೇರನ್ನು ಹಿಗ್ಗಿಸುವ ಕಾನೂನಿಗೂ ಅವನದೇ ಸಹಿ. ಅದರ ಹೆಚ್ಚಿನ ಖರ್ಚನ್ನು ಅನುಕೂಲವಿದ್ದ ವೃದ್ಧರ ಮೇಲೇ ಹಾಕಿದ್ದರಿಂದ ಅವರು ತಿರುಗಿಬಿದ್ದು ಮರುವರ್ಷ ಅದು ರದ್ದಾಯಿತು, ಅದು ಬೇರೆ ಮಾತು. ಇದನ್ನು ಬೂಟಾಟಿಕೆ ಅನ್ನುವುದು ಸುಲಭ. ನನಗೆ ಹಾಗೆ ಕಾಣುವುದಿಲ್ಲ. ಇಪ್ಪತ್ತು ವರ್ಷ ಮನೆಯೊಳಗಿದ್ದದ್ದು ಮನೆಯದೇ ಆಗುತ್ತದೆ. ‘ಅಜ್ಜ ನೆಟ್ಟ ಆಲದ ಮರ ಅಂತ ನೇಣು ಹಾಕಿಕೊಳ್ಳಬೇಕೆ’ ಎಂದು ನಮ್ಮ ಗಾದೆ ಕೇಳುತ್ತದೆ. ಸುಧಾರಕರಿಗೆ ಬಹಳ ಪ್ರಿಯವಾದ ಗಾದೆ. ಆದರೆ ಆ ಮರದ ಕೆಳಗೆ ಸಂತೆ ಕೂಡುತ್ತದೆ, ದನ ಮಲಗುತ್ತವೆ, ಕೊಡಲಿ ಎತ್ತುವ ಮೊದಲು ಅದನ್ನಾದರೂ ನೋಡಿ ಅನ್ನುವುದು ಮೂರನೆಯ ದನಿ. ಫ್ರಾನ್ಸಿನ ಕ್ರಾಂತಿಯನ್ನು ಟೀಕಿಸಿ 1790ರಲ್ಲಿ ಎಡ್ಮಂಡ್ ಬರ್ಕ್ ಬರೆದ ಪುಸ್ತಕದಿಂದ ಹರಿದುಬಂದ ದನಿ ಅದು. ಅದಕ್ಕೆ ಮರ ನೆಟ್ಟ ಅಜ್ಜ ಯಾರ ಪಕ್ಷದವನೆಂಬುದು ಮುಖ್ಯವಲ್ಲ. ಮೆಡಿಕೇರ್ ಅಂಥ ಮರವಾಗಿತ್ತು.

ಹೀಗೆ ನೋಡಿದಾಗ, 2009ರಲ್ಲಿ ಎಲ್ಲರೂ ನಕ್ಕ ಒಂದು ಮಾತು ನನಗೆ ಬೇರೆಯಾಗಿ ಕೇಳಿಸಿತು. ದಕ್ಷಿಣ ಕೆರೊಲಿನಾದ ಸಿಂಪ್ಸನ್‌ವಿಲ್ ಎಂಬಲ್ಲಿ ರಿಪಬ್ಲಿಕನ್ ಸದಸ್ಯ ಬಾಬ್ ಇಂಗ್ಲಿಸ್ ಕರೆದ ಸಭೆಯಲ್ಲಿ ಒಬ್ಬರು ಎದ್ದು ನಿಂತು, ಸರ್ಕಾರ ನನ್ನ ಮೆಡಿಕೇರ್ ಮೇಲಿಂದ ಕೈ ತೆಗೆಯಲಿ ಅಂದರಂತೆ. ಅದು ಸರ್ಕಾರದ್ದೇ ಸ್ವಾಮಿ ಎಂದು ಇಂಗ್ಲಿಸ್ ವಿವರಿಸಿದರೂ ಅವರು ಒಪ್ಪಲಿಲ್ಲವಂತೆ. ಮಾಹಿತಿಯ ದೃಷ್ಟಿಯಿಂದ ತಪ್ಪು. ಆದರೆ ಮೊದಲ ದನಿಯ ಭಯವೂ ಮೂರನೆಯ ದನಿಯ ಅಂಟೂ ಒಂದೇ ವಾಕ್ಯದಲ್ಲಿ ಕೂಡಿಬಂದ ಇನ್ನೊಂದು ಉದಾಹರಣೆ ನನಗೆ ಸಿಕ್ಕಿಲ್ಲ. ಬದುಕಿಡೀ ಸಂಬಳದಲ್ಲಿ ಹಿಡಿದುಕೊಟ್ಟ ದುಡ್ಡು, ಹಾಗಾಗಿ ಅದು ‘ನನ್ನದು’. ಹೊಸದಾಗಿ ಬರುತ್ತಿರುವುದು ‘ಅವರದು’. ನನ್ನ ನೆರೆಯವರು ಹೇಳಿದ್ದೂ ಇದನ್ನೇ.

ಒಬಾಮಾನ ಕಾನೂನಿನ ನಡುಗಂಬ ಕಡ್ಡಾಯ ವಿಮೆಯಾಗಿತ್ತು, ಪ್ರತಿಯೊಬ್ಬನೂ ವಿಮೆ ಕೊಳ್ಳಬೇಕಿತ್ತು, ಇಲ್ಲದಿದ್ದರೆ 2018ರವರೆಗೆ ದಂಡವಿತ್ತು. ರಿಪಬ್ಲಿಕನ್ನರು ಅದನ್ನು ಸರ್ವಾಧಿಕಾರ ಎಂದು ಕರೆದರು. ಈ ಕಂಬವನ್ನು ಕಡೆದದ್ದು ಎಲ್ಲಿ ಎಂದು ಹುಡುಕಿದರೆ ಹೆರಿಟೇಜ್ ಫೌಂಡೇಶನ್ ಎಂಬ ಕನ್ಸರ್ವೇಟಿವ್ ಚಿಂತನ ಸಂಸ್ಥೆಗೆ ಹೋಗಿ ಮುಟ್ಟುತ್ತೇವೆ. 1989ರಲ್ಲಿ ಅಲ್ಲಿನ ಸ್ಟುವರ್ಟ್ ಬಟ್ಲರ್ ಇದನ್ನು ಮಂಡಿಸಿದಾಗ ಅದರ ಹಿಂದೆ ಋಣದ ತರ್ಕವಿತ್ತು. ಬಿದ್ದವನನ್ನು ಆಸ್ಪತ್ರೆ ಹೇಗೂ ಎತ್ತಲೇಬೇಕು. ಅಂದಮೇಲೆ ವಿಮೆಯಿಲ್ಲದೆ ತಿರುಗುವವನು ತನ್ನ ಬಿಲ್ಲನ್ನು ನೆರೆಯವನ ತಲೆಗೆ ಕಟ್ಟುತ್ತಾನೆ. ಜವಾಬ್ದಾರಿಯುಳ್ಳ ಮನುಷ್ಯ ಹಾಗೆ ಮಾಡಬಾರದು. ನಮ್ಮ ಅಜ್ಜಂದಿರಿಗೂ ಅರ್ಥವಾಗುವ ಮಾತು. 1993ರಲ್ಲಿ ಕ್ಲಿಂಟನ್ ಯೋಜನೆಗೆ ಪರ್ಯಾಯವಾಗಿ ರಿಪಬ್ಲಿಕನ್ ಸೆನೆಟರುಗಳು ತಂದ ಮಸೂದೆಯಲ್ಲೂ ಇದು ಇತ್ತು. 2006ರಲ್ಲಿ ಮ್ಯಾಸಚೂಸೆಟ್ಸ್‌ನ ಗವರ್ನರ್ ಮಿಟ್ ರಾಮ್ನಿ ಇದನ್ನು ತನ್ನ ರಾಜ್ಯದ ಕಾನೂನಾಗಿಸಿ ಬಾಸ್ಟನ್ನಿನಲ್ಲಿ ಸಂಭ್ರಮದಿಂದ ಸಹಿ ಹಾಕಿದ. ನಾಲ್ಕು ವರ್ಷದ ನಂತರ, 2010ರ ಮಾರ್ಚ್ 23ರಂದು ಒಬಾಮ ಸಹಿ ಹಾಕಿದ ಕಾನೂನಿಗೆ ಕಾಂಗ್ರೆಸ್ಸಿನಲ್ಲಿ ಒಬ್ಬನೇ ಒಬ್ಬ ರಿಪಬ್ಲಿಕನ್ನನ ಅಂತಿಮ ಮತ ಬೀಳಲಿಲ್ಲ.

ಇಲ್ಲಿ ವಿಮರ್ಶಕನಿಗೆ ಆಮಿಷ ದೊಡ್ಡದು: ಮಾತು ಬದಲಾಗಲಿಲ್ಲ, ಮಾತಾಡಿದವನು ಬದಲಾದ, ಅಷ್ಟೇ. ಬಹುಪಾಲು ಅದು ನಿಜವೂ ಹೌದು. ಆದರೆ ಪೂರ್ತಿ ಅಲ್ಲ. ಒಂದು ರಾಜ್ಯ ತನ್ನ ಜನರಿಗಾಗಿ ಮಾಡಿಕೊಂಡದ್ದನ್ನು ಇಡೀ ದೇಶದ ಮೇಲೆ ಹಾಕಬಾರದು ಅನ್ನುವ ರಾಮ್ನಿಯ ಸಮರ್ಥನೆ ಅವನಿಗೆ ಅನುಕೂಲದ್ದು ನಿಜ, ಆದರೂ ಬಾಯಿಗೆ ಬಂದದ್ದಲ್ಲ. ಅಮೆರಿಕದ ಸಂವಿಧಾನದ ಮೇಲಿನ ಜಗಳದ ಅರ್ಧಕ್ಕರ್ಧ ಇದೇ. 2012ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿನ ವಾದದ ವೇಳೆ ನ್ಯಾಯಮೂರ್ತಿ ಸ್ಕಾಲಿಯಾ, ವಿಮೆ ಕೊಳ್ಳಿ ಎಂದು ಹೇಳಬಹುದಾದರೆ ಬ್ರೊಕೊಲಿ ಕೊಳ್ಳಿ ಎಂದೂ ಹೇಳಬಹುದೇ ಎಂದು ಕೇಳಿದ. ಬ್ರೊಕೊಲಿ ಅಂದರೆ ಹಸಿರು ಹೂಕೋಸು. ರೆಕಾರ್ಡಿನ ಮೆಟ್ಟಿಲುಗಳೇ ಇವು, ಆದರೆ ಇಲ್ಲಿ ಅಜ್ಜಿ ಕತೆಯಿಲ್ಲ, ಉತ್ತರ ಕೊಡಲೇಬೇಕಾದ ಪ್ರಶ್ನೆಯಿದೆ: ಎಲ್ಲಿಗೆ ನಿಲ್ಲುತ್ತದೆ ಹೇಳಿ. ಜೂನ್ 28ರಂದು ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ಬರೆದ ತೀರ್ಪು ಕೊಂಡುಕೊಳ್ಳಲು ಆಜ್ಞಾಪಿಸುವ ಅಧಿಕಾರ ವಾಣಿಜ್ಯದ ಹೆಸರಿನಲ್ಲಿ ಕೇಂದ್ರಕ್ಕಿಲ್ಲ ಎಂದು ಸ್ಕಾಲಿಯಾನ ಭಯವನ್ನು ಮನ್ನಿಸಿ, ದಂಡವನ್ನು ತೆರಿಗೆಯೆಂದು ಓದಿ ಕಾನೂನನ್ನು ಉಳಿಸಿತು. ಜನ ಆರಿಸಿದವರು ಮಾಡಿದ್ದನ್ನು ಕೆಡವುವುದು ಕೋರ್ಟಿನ ಕೆಲಸವಲ್ಲ ಎಂಬ ಧಾಟಿ. ಅವನ ಕಡೆಯವರು ಅದನ್ನು ದ್ರೋಹವೆಂದರು. ನಾನು ಓದಿದ ಕನ್ಸರ್ವೇಟಿವ್ ಗದ್ಯದಲ್ಲಿ ಕೈಯಲ್ಲಿ ಕೊಡಲಿಯಿದ್ದೂ ಎತ್ತದ ಬರಹ ಅದೊಂದೇ.

ಸೇರಾ ಪೇಲಿನ್ 2009ರ ಆಗಸ್ಟಿನಲ್ಲಿ ಫೇಸ್‌ಬುಕ್ಕಿನಲ್ಲಿ ಹಚ್ಚಿದ ‘ಸಾವಿನ ಸಮಿತಿ’ಯ ಬಗ್ಗೆ ಹೆಚ್ಚು ಬರೆಯಲು ಮನಸ್ಸಿಲ್ಲ. ಮುದುಕರನ್ನೂ ಅಂಗವಿಕಲರನ್ನೂ ಬದುಕಿಸಬೇಕೋ ಬೇಡವೋ ಎಂದು ಅಧಿಕಾರಿಗಳು ಕೂತು ತೀರ್ಮಾನಿಸುತ್ತಾರೆ ಎಂದಳು. ಮಸೂದೆಯಲ್ಲಿ ಇದ್ದದ್ದು, ಕೊನೆಗಾಲದಲ್ಲಿ ಎಂಥ ಚಿಕಿತ್ಸೆ ಬೇಕು ಬೇಡ ಎಂದು ರೋಗಿ ಬಯಸಿದರೆ ಡಾಕ್ಟರ ಜೊತೆ ಮಾತಾಡಿದ್ದಕ್ಕೆ ಮೆಡಿಕೇರ್ ಫೀಸು ಕೊಡುತ್ತದೆ ಎಂಬ ಕಲಮು. ಹೆದರಿ ಅದನ್ನು ಕಿತ್ತುಹಾಕಿದರು. 2016ರಿಂದ ಮೆಡಿಕೇರ್ ಅದೇ ಫೀಸನ್ನು ಸದ್ದಿಲ್ಲದೆ ಕೊಡುತ್ತಿದೆ. ರೇಗನ್‌ನ ಕಲೆ ಇಲ್ಲದೆ ಅವನ ಮೆಟ್ಟಿಲನ್ನು ಹತ್ತಲು ಹೋದರೆ ಹೀಗಾಗುತ್ತದೆ.

ಆದರೆ ಈ ಕತೆಯಲ್ಲಿ ಕನ್ಸರ್ವೇಟಿವ್‌ಗಳ ಎಚ್ಚರಿಕೆ ನಿಜವಾದ ಜಾಗವೂ ಇದೆ, ಅದನ್ನು ನಮ್ಮ ಕಡೆಯವರು ಬೇಗ ದಾಟಿಬಿಡುತ್ತಾರೆ. ಈಗ ನಿಮಗಿರುವ ವಿಮೆ ನಿಮಗಿಷ್ಟವಿದ್ದರೆ ಇಟ್ಟುಕೊಳ್ಳಬಹುದು ಎಂದು ಒಬಾಮ ಮತ್ತೆ ಮತ್ತೆ ಮಾತು ಕೊಟ್ಟ. ಇದು ಸುಧಾರಕನ ಭಾಷೆಯಲ್ಲ. ಮೂರನೆಯ ದನಿಯ ಭಾಷೆ, ಎದುರಾಳಿಯಿಂದ ಎರವಲು ತಂದದ್ದು. ಇರುವುದು ಇರುತ್ತದೆ ಅನ್ನದೆ ಹೊಸದನ್ನು ಒಪ್ಪಿಸಲಾಗದೆಂದು ಅವನಿಗೆ ಗೊತ್ತಿತ್ತು. 2013ರ ಕೊನೆಗೆ, ಹೊಸ ಕಾನೂನಿನ ಅಳತೆಗೆ ಬಾರದ ಪಾಲಿಸಿಗಳು ರದ್ದಾದವೆಂಬ ಕಾಗದಗಳು ಲಕ್ಷಾಂತರ ಮನೆಗಳಿಗೆ ಹೋದವು. ಅಧ್ಯಕ್ಷ ಕ್ಷಮೆ ಕೇಳಿದ. ಸಿಕ್ಕ ಹೊಸ ಪಾಲಿಸಿ ಹಳೆಯದಕ್ಕಿಂತ ಒಳ್ಳೆಯದು ಎಂದು ಅಂಕಿ ಅಂಶ ಹೇಳಬಹುದು. ಆದರೆ ತನ್ನ ಹಳೆಯ ಡಾಕ್ಟರು ಹೊಸ ಪಾಲಿಸಿಯ ಪಟ್ಟಿಯಲ್ಲಿಲ್ಲ ಎಂದು ಗೊತ್ತಾದ ಹೆಂಗಸಿಗೆ ಅದು ಉತ್ತರವಲ್ಲ. ದೊಡ್ಡ ಸುಧಾರಣೆ ತಾನು ಮುಟ್ಟುವುದಿಲ್ಲ ಎಂದು ಮಾತು ಕೊಟ್ಟದ್ದನ್ನೂ ಮುಟ್ಟುತ್ತದೆ: ರೆಕಾರ್ಡಿನ ಭಯದಲ್ಲಿ ಇಷ್ಟು ನಿಜವಿತ್ತು.

ಎರಡನೆಯ ದನಿಯಲ್ಲೂ ನಾನು ತಳ್ಳಿಹಾಕಲಾಗದ ಒಂದು ಮಾತಿದೆ. ಮಿಲ್ಟನ್ ಫ್ರೀಡ್ಮನ್ 2001ರಲ್ಲಿ ಬರೆದ ಲೇಖನವೊಂದು, ಅಮೆರಿಕದಲ್ಲಿ ವಿಮೆ ನೌಕರಿಗೆ ಗಂಟುಬಿದ್ದದ್ದೇ ಆಕಸ್ಮಿಕ ಎಂದು ನೆನಪಿಸುತ್ತದೆ. ಎರಡನೆಯ ಮಹಾಯುದ್ಧದ ಹೊತ್ತಿನಲ್ಲಿ ಸಂಬಳ ಏರಿಸುವಂತಿರಲಿಲ್ಲ, ಆಳುಗಳನ್ನು ಹಿಡಿದಿಡಲು ಕಂಪನಿಗಳು ವಿಮೆ ಕೊಟ್ಟವು, ಅದಕ್ಕೆ ತೆರಿಗೆ ವಿನಾಯಿತಿ ಸಿಕ್ಕಿತು. ಹಾಗಾಗಿ ಬಿಲ್ಲು ಕಟ್ಟುವವನೊಬ್ಬ, ಔಷಧಿ ಕುಡಿಯುವವನೊಬ್ಬ, ಬೆಲೆ ಯಾರಿಗೂ ಗೊತ್ತಿಲ್ಲ. ನನ್ನ ಮಗಳ ಹೆರಿಗೆಯ ಲೆಕ್ಕದ ಕಾಗದಗಳನ್ನು ಅಳಿಯ ಮೇಜಿನ ಮೇಲೆ ಹರಡಿಕೊಂಡು ಕೂತಾಗ ಫ್ರೀಡ್ಮನ್ ಹೇಳಿದ್ದು ಸರಿಯೆನಿಸಿತು. ಒಂದೇ ದಿನದ ಒಂದೇ ಕೋಣೆಗೆ ಮೂರು ಬೆಲೆ, ಅದರಲ್ಲಿ ಯಾವುದು ನಿಜವೆಂದು ಕೇಳಿದರೆ ಫೋನಿನಲ್ಲಿ ಸಂಗೀತ. ಆದರೆ ಅವನ ಮದ್ದು, ರೋಗಿ ಸ್ವತಃ ಚೌಕಾಸಿ ಮಾಡಲಿ ಎಂಬುದು, ಹೆರಿಗೆ ನೋವಿನಲ್ಲಿರುವವಳಿಗೆ ಹೇಳುವ ಮಾತಲ್ಲ. ಸ್ವತಂತ್ರ ಮಾರುಕಟ್ಟೆಯ ಇನ್ನೊಬ್ಬ ಆಚಾರ್ಯ ಹೈಯೆಕ್, ಕಾಯಿಲೆ ಅಪಘಾತಗಳಂಥ ಅಪಾಯಗಳಿಗೆ ಸರ್ಕಾರ ವ್ಯವಸ್ಥೆ ಮಾಡಿದ ವಿಮೆ ಇರಬಹುದೆಂದು 1944ರಲ್ಲೇ ಒಪ್ಪಿದ್ದ. ರೆಕಾರ್ಡು ಕೇಳಿದವರು ಆ ಪುಟ ತೆರೆಯಲಿಲ್ಲವೇನೋ.

ಮೂರು ದನಿಗಳೂ ಒಂದಕ್ಕೊಂದು ಡಿಕ್ಕಿ ಹೊಡೆದದ್ದು 2017ರಲ್ಲಿ. ಏಳು ವರ್ಷ ರಿಪಬ್ಲಿಕನ್ನರು ‘ರದ್ದು ಮಾಡಿ, ಬದಲಿ ತರುತ್ತೇವೆ’ ಎಂದು ಚುನಾವಣೆ ಮೇಲೆ ಚುನಾವಣೆ ಗೆದ್ದಿದ್ದರು. ಅಧಿಕಾರ ಸಿಕ್ಕಾಗ ನೋಡಿದರೆ ಆ ವಾಕ್ಯದ ದ್ವಿತೀಯಾರ್ಧವನ್ನು ಯಾರೂ ಬರೆದೇ ಇರಲಿಲ್ಲ. ಮೇ 4ರಂದು ಪ್ರತಿನಿಧಿ ಸಭೆ 217ಕ್ಕೆ 213 ಮತಗಳಿಂದ ಒಂದು ಮಸೂದೆ ಪಾಸು ಮಾಡಿತು. ಅದು ಜಾರಿಯಾದರೆ 2026ರ ಹೊತ್ತಿಗೆ ವಿಮೆಯಿಲ್ಲದವರ ಸಂಖ್ಯೆ ಎರಡು ಕೋಟಿ ಮೂವತ್ತು ಲಕ್ಷದಷ್ಟು ಹೆಚ್ಚುತ್ತದೆಂದು ಕಾಂಗ್ರೆಸ್ಸಿನದೇ ಬಜೆಟ್ ಕಚೇರಿ ಅಂದಾಜು ಮಾಡಿತು. ಸೆನೆಟ್ಟಿನಲ್ಲಿ ಅದನ್ನು ಕತ್ತರಿಸಿ ಕತ್ತರಿಸಿ ಕೊನೆಗೆ ಕೆಲವೇ ಪುಟ ಉಳಿಸಿ, ಮಧ್ಯರಾತ್ರಿ ಮತಕ್ಕೆ ಹಾಕಿದರು. ಆಲದ ಮರ ಈಗ ಒಬಾಮಾಕೇರ್. ಏಳು ವರ್ಷದಲ್ಲಿ ಅದರ ಕೆಳಗೂ ಜನ ಬಂದು ಕೂತಿದ್ದರು. ಕೊಡಲಿ ಹಿಡಿದವರು ಕನ್ಸರ್ವೇಟಿವ್‌ಗಳು.

ಜಾನ್ ಮೆಕೇನ್ ಒಬಾಮಾಕೇರ್ ಮೆಚ್ಚಿದವನಲ್ಲ. 2009ರಲ್ಲಿ ಅದರ ವಿರುದ್ಧ ಮತ ಹಾಕಿದ್ದ. 2008ರಲ್ಲಿ ಒಬಾಮಾನ ಎದುರು ಸೋತಾಗ ಅವನದೇ ಯೋಜನೆ ಇತ್ತು, ನೌಕರಿಯ ವಿಮೆಯ ತೆರಿಗೆ ವಿನಾಯಿತಿ ತೆಗೆದು ಕುಟುಂಬಕ್ಕೆ 5000 ಡಾಲರ್ ತೆರಿಗೆ ರಿಯಾಯಿತಿ ಕೊಡುವುದು. ಫ್ರೀಡ್ಮನ್ ದಾರಿಯದೇ ಅದು. ಮಿದುಳಿನ ಕ್ಯಾನ್ಸರ್ ಪತ್ತೆಯಾದ ಕೆಲವೇ ದಿನಕ್ಕೆ, ಎಡಗಣ್ಣಿನ ಮೇಲೆ ಹೊಲಿಗೆ ಹೊತ್ತು ಜುಲೈ 25ರಂದು ಸೆನೆಟ್ಟಿಗೆ ಬಂದು ಮಾತಾಡಿದ. ಆ ಭಾಷಣದಲ್ಲಿ ರೋಗಿಗಳ ಬಗ್ಗೆ ಇರುವುದಕ್ಕಿಂತ ಹೆಚ್ಚು ಸಮಿತಿ, ವಿಚಾರಣೆ, ತಿದ್ದುಪಡಿ, ಎದುರು ಪಕ್ಷದವರ ಜೊತೆ ಕೂರುವ ಹಳೆಯ ಪದ್ಧತಿಯ ಬಗ್ಗೆ ಇದೆ. ಮೊದಲು ಕೇಳಿದಾಗ ನನಗೆ ಬೇಸರವೇ ಆಯಿತು, ಸಾಯುವ ಮನುಷ್ಯ ಸಭೆಯ ನಡಾವಳಿಯ ಬಗ್ಗೆ ಯಾಕಿಷ್ಟು ಹೇಳುತ್ತಾನೆ ಎಂದು. ಮತ್ತೆ ಕೇಳಿದಾಗ, ರೆಕಾರ್ಡಿಗೆ ಉತ್ತರ ಇಲ್ಲಿದೆ ಅನ್ನಿಸಿತು. ರೇಗನ್ ತಡೆಯುವ ಕೆಲಸವನ್ನು ಒಂದು ಭಯಕ್ಕೆ ಒಪ್ಪಿಸಿದ್ದ. ಇವನು ಅದನ್ನು ಪದ್ಧತಿಗೆ ಒಪ್ಪಿಸುತ್ತಾನೆ. ಜುಲೈ 28ರ ನಸುಕಿನಲ್ಲಿ ಅವನು ಹೆಬ್ಬೆರಳು ಕೆಳಗೆ ಮಾಡಿದ, ಮಸೂದೆ 49ಕ್ಕೆ 51 ಮತಗಳಿಂದ ಬಿತ್ತು. ಸೂಸನ್ ಕಾಲಿನ್ಸ್, ಲೀಸಾ ಮರ್ಕೌಸ್ಕಿ ಎಂಬ ಇಬ್ಬರು ರಿಪಬ್ಲಿಕನ್ ಹೆಂಗಸರು ಮೊದಲಿಂದಲೂ ಅದಕ್ಕೆ ವಿರುದ್ಧವಿದ್ದರು, ಅವರ ಹೆಸರು ಆ ಹೆಬ್ಬೆರಳಿನ ನೆರಳಿನಲ್ಲಿ ಮರೆತೇಹೋಗುತ್ತದೆ. ಪತ್ರಿಕೆಗಳು ಅವನನ್ನು ಪಕ್ಷ ಮೀರಿದ ಬಂಡುಕೋರನೆಂದು ಹೊಗಳಿದವು. ಆ ರಾತ್ರಿ ಸಭೆಯಲ್ಲಿದ್ದ ನಿಜವಾದ ಕನ್ಸರ್ವೇಟಿವ್ ಅವನು ಎಂದು ನಾನು ಓದುತ್ತೇನೆ.

ಅಲ್ಲಿಗೆ ಮುಗಿಯಲಿಲ್ಲ. 2025ರ ಮೇನಲ್ಲಿ ರಿಪಬ್ಲಿಕನ್ ಸೆನೆಟರ್ ಜಾಷ್ ಹಾಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಒಂದು ಲೇಖನ ಬರೆದ. ಬಡವರ ವಿಮೆಯಾದ ಮೆಡಿಕೇಯ್ಡ್ ಕತ್ತರಿಸುವುದು ಅನೈತಿಕ, ನಮ್ಮ ಪಕ್ಷ ಈಗ ದುಡಿಯುವವರ ಪಕ್ಷ ಎಂಬುದು ಸಾರ. ಬರವಣಿಗೆ ಚೆನ್ನಾಗಿತ್ತು. ಜುಲೈ 1ರಂದು ಅದನ್ನು ಕತ್ತರಿಸುವ ಮಸೂದೆಗೇ ಅವನು ಮತ ಹಾಕಿದ. ಲೇಖನವನ್ನು ಮತದ ಪಕ್ಕದಲ್ಲಿಟ್ಟು ಓದುವ ಕಷ್ಟ ವಿಮರ್ಶಕನದು.

ಇಷ್ಟೆಲ್ಲ ಓದಿಯೂ ನನಗೆ ನುಂಗಲಾಗದ ಮುಳ್ಳು ಒಂದಿದೆ. ಸರ್ಕಾರ ಬೇಡ, ಕುಟುಂಬ, ನೆರೆಹೊರೆ, ದೇವಸ್ಥಾನ, ಸಂಘ ನೋಡಿಕೊಳ್ಳಲಿ ಅನ್ನುವುದು ಈ ಮೂರು ದನಿಗಳ ಹಿಂದಿನ ಶ್ರುತಿ. ಅದನ್ನು ಅಮೆರಿಕದವರು ಆದರ್ಶವಾಗಿ ಆಡುತ್ತಾರೆ. ನಾವು ಅದರೊಳಗೇ ಬೆಳೆದವರು. ನನ್ನ ತಂದೆಗೆ ಹೊಟ್ಟೆಯ ಆಪರೇಷನ್ ಆದಾಗ ನನ್ನ ಅಕ್ಕನ ಮದುವೆಗೆಂದು ತೆಗೆದಿಟ್ಟ ಸರ ಸೊಸೈಟಿಯಲ್ಲಿ ಅಡವಾಯಿತು, ಚಿಕ್ಕಪ್ಪ ಎರಡು ಮೂಟೆ ಅಡಿಕೆ ಮಾರಿದರು. ತಂದೆ ಉಳಿದರು. ಅಕ್ಕನ ಮದುವೆ ಮೂರು ವರ್ಷ ಮುಂದೆ ಹೋಯಿತು. ಕುಟುಂಬ ಕೈಬಿಡಲಿಲ್ಲ, ನಿಜ. ಆದರೆ ಯಾರ ಕೈ ಎಷ್ಟು ನೊಂದಿತು ಎಂಬುದು ಆ ಹೊಗಳಿಕೆಯಲ್ಲಿ ಬರುವುದಿಲ್ಲ. ಅಕ್ಕನನ್ನು ಯಾರೂ ಕೇಳಿರಲಿಲ್ಲ.

ವಾಪಸು ಹೊರಡುವ ವಾರ ನೆರೆಯವರಿಗೆ ಮೊಬೈಲಿನಲ್ಲಿ ಆ ರೆಕಾರ್ಡು ಕೇಳಿಸಿದೆ. ವರಾಂಡದಲ್ಲಿ ಕೂತು ಹತ್ತು ನಿಮಿಷವೂ ಅಲುಗಾಡದೆ ಕೇಳಿದರು. ದನಿ ಎಷ್ಟು ಚೆನ್ನಾಗಿದೆ ಅಂದರು. ಯಾವ ಮಸೂದೆಯ ಬಗ್ಗೆ ಹೇಳುತ್ತಿದ್ದಾನೆ ಎಂದು ಕೇಳಿದರು. ನಿಮ್ಮ ಮೊಣಕಾಲಿನದೇ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆಗಿನದು ಬೇರೆ’ ಅಂದರು. ಆಮೇಲೆ ನಿಮ್ಮ ದೇಶದಲ್ಲಿ ಬಿಲ್ಲು ಯಾರು ಕಟ್ಟುತ್ತಾರೆ ಎಂದು ಕೇಳಿದರು. ಈಗೀಗ ಸರ್ಕಾರದ ಕಾರ್ಡುಗಳು ಬಂದಿವೆ, ಮೊದಲಾದರೆ ಮನೆಯವರೇ ಅಂದೆ, ಅಕ್ಕನ ಸರದ ಕತೆ ಹೇಳಿದೆ. ಒಳ್ಳೆಯ ಕುಟುಂಬ ನಿಮ್ಮದು ಅಂದರು, ಮನಸ್ಸಿನಿಂದಲೇ ಹೇಳಿದರು. ನಾನು ಹೌದು ಅಂದೆ. ಅಷ್ಟರಲ್ಲಿ ಮಳೆ ಬರುವಂತಾಗಿ ಅವರು ಹುಲ್ಲು ಕತ್ತರಿಸುವ ಯಂತ್ರವನ್ನು ಒಳಗಿಡಲು ಎದ್ದರು.